ಫಿಟ್ಸು ಒಂದೇ ಬಗೆಯದಲ್ಲ
(ಭಾಂಡುಪಿನಲ್ಲಿ ಕಾಮಗಾರರ ಸಭೆಯಲ್ಲಿ ಮಾಡಿದ ಭಾಷಣ)



ಊರಿನಲ್ಲಿ ಮೂರ್ಛೆರೋಗ ಎನ್ನುವುದನ್ನೇ ಮುಂಬಯಿಯಲ್ಲಿ ನಾವು ಫಿಟ್ಸು ಎನ್ನುತ್ತೇವೆ. ವೈದ್ಯರು ಅಪಸ್ಮಾರ ಎನ್ನುತ್ತಾರೆ. ಮಿದುಳಿನ ಜೀವಕಣಗಳಲ್ಲಿ ಸದಾ ಹರಿಯುವ ಸಣ್ಣ ವಿದ್ಯುತ್ತು ಒಮ್ಮೆಲೇ ಹದ ತಪ್ಪಿದಾಗ ಅದು ಬರುತ್ತದೆ. ದೆವ್ವದ ಕಾಟವೂ ಅಲ್ಲ, ಅಂಟುರೋಗವೂ ಅಲ್ಲ.

ಮನುಷ್ಯ ಸೆಟೆದು ಬಿದ್ದು ಕೈಕಾಲು ಬಡಿದರೆ ಎಲ್ಲರಿಗೂ ತಿಳಿಯುತ್ತದೆ. ತಿಳಿಯದ ಬಗೆಗಳೇ ನಮ್ಮವರ ಅನ್ನ ಕಳೆಯುತ್ತವೆ. ಮಿದುಳಿನ ಒಂದೇ ಭಾಗ ಕೆರಳಿದರೆ ಒಂದು ಕೈ ಮಾತ್ರ ಅದುರಬಹುದು. ಇಲ್ಲವೆ ಗಲ್ಲಾದಲ್ಲಿ ಕುಳಿತವನು ಒಂದೆರಡು ನಿಮಿಷ ಎತ್ತಲೋ ನೋಡುತ್ತ, ಬಾಯಿ ಚಪ್ಪರಿಸುತ್ತ, ಅಂಗಿಯ ಗುಂಡಿ ತಡವುತ್ತ ಇದ್ದುಬಿಡಬಹುದು. ಕರೆದರೆ ಉತ್ತರವಿಲ್ಲ. ಕುಡಿದಿದ್ದಾನೆಂದು ನಾವು ತೀರ್ಪು ಕೊಟ್ಟಾಯಿತು! ಓದುತ್ತಿದ್ದ ಮಗು 10 ಸೆಕೆಂಡು ಸ್ತಬ್ಧವಾಗಿ, ಮತ್ತೆ ಏನೂ ಆಗದಂತೆ ಓದತೊಡಗಿದರೆ ಅದೂ ಫಿಟ್ಸಾಗಿರಬಹುದು.

ಹೊಟೇಲಿನ ಹುಡುಗರ ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ನಡುರಾತ್ರಿ ಮಲಗಿ 4 ಗಂಟೆಗೆ ಏಳುವವರು ಅವರು. ಬೆಳಗಿನ ಹೊತ್ತು ಒಬ್ಬನ ತೋಳು ತಟ್ಟನೆ ಜಿಗಿದು ಕೈಯ ಲೋಟ ಹಾರಿಬೀಳುತ್ತದೆ. ಎಚ್ಚರ ತಪ್ಪುವುದಿಲ್ಲ. ಯಜಮಾನರು ಒಡೆದ ಲೋಟದ ಲೆಕ್ಕ ಹಿಡಿಯುತ್ತಾರೆ. ಬಿದ್ದ ಲೋಟವೆಲ್ಲ ರೋಗವಲ್ಲ, ಒಪ್ಪಿದೆ. ಆದರೆ ಹೀಗೆ ಮತ್ತೆ ಮತ್ತೆ ಆದರೆ ಅದು ಅಪಸ್ಮಾರದ ಒಂದು ಬಗೆ ಇದ್ದೀತು. ನಿದ್ದೆಗೆಟ್ಟಷ್ಟೂ ಅದು ಹೆಚ್ಚುತ್ತದೆ. ಬೇರೆ ಬಗೆಗೆ ಗುಣ ಕೊಡುವ ಕಾರ್ಬಮಜೆಪಿನ್ ಮಾತ್ರೆ ಈ ಜಿಗಿತವನ್ನು ಕೆರಳಿಸಬಲ್ಲದು. ಆದುದರಿಂದ ಪಕ್ಕದ ಖೋಲಿಯವನ ಮಾತ್ರೆಯನ್ನು ಕೇಳಿ ನುಂಗಬೇಡಿ.

ಮೈಸೂರು ಸೀಮೆಯಲ್ಲಿ, ತಲೆಯ ಮೇಲೆ ಬಿಸಿನೀರನ್ನು ಚೊಂಬು ಚೊಂಬಾಗಿ ಹೊಯ್ದುಕೊಳ್ಳುವಾಗ ಬರುವ ಫಿಟ್ಸೂ ಉಂಟು. ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ಅವರ ತಂಡವೂ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೂ ಇದನ್ನು ಅಭ್ಯಸಿಸಿದ್ದಾರೆ. ಅಂಥವರು ತಲೆಗೆ ಉಗುರುಬೆಚ್ಚಗಿನ ನೀರನ್ನೇ ಹಾಕಿಕೊಳ್ಳಬೇಕು.

ಬಿದ್ದವನ ಬಳಿಯಿಂದ ಒಲೆ, ಯಂತ್ರ ಏನಿದ್ದರೂ ದೂರ ಮಾಡಿ. ಆಗದಿದ್ದರೆ ಅವನನ್ನೇ ಸರಿಸಿ. ಒಂದು ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಚಮಚ ಬೇಡ, ನೀರು ಬೇಡ. ಕೈಗೆ ಕಬ್ಬಿಣ ಬೇಡ, ಮೂಗಿಗೆ ಈರುಳ್ಳಿ ಬೇಡ. 5 ನಿಮಿಷ ಮೀರಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಕೂಡಲೇ ಆಸ್ಪತ್ರೆಗೆ ಸಾಗಿಸಿ.

ಎಚ್ಚರ ತಪ್ಪಿದವನಿಗೆ ನಡೆದುದು ನೆನಪಿರುವುದಿಲ್ಲ. ರೋಗದ ಬಗೆ ತಿಳಿಯಲು ವೈದ್ಯರಿಗೆ ನೋಡಿದವನ ಮಾತೇ ಬೇಕು. ಆದುದರಿಂದ ಸಾಯನ್ನಿನ ಆಸ್ಪತ್ರೆಗಾಗಲಿ ಪರಳದ ಕೆ.ಇ.ಎಮ್.ಗಾಗಲಿ ಅವನೊಬ್ಬನನ್ನೇ ಗಾಡಿ ಹತ್ತಿಸಬೇಡಿ. ನೋಡಿದವನು ಅರ್ಧ ಪಾಳಿ ರಜೆ ಹಾಕಿ ಜೊತೆಗೆ ಹೋಗಲಿ. ಯಾವ ಕೈ ಮೊದಲು ಅದುರಿತು, ಕಣ್ಣು ತೆರೆದಿತ್ತೇ, ಎಷ್ಟು ನಿಮಿಷ ಹಿಡಿಯಿತು, ಹಿಂದಿನ ರಾತ್ರಿ ನಿದ್ದೆಯಾಗಿತ್ತೇ ಎಂಬುದನ್ನು ಹೇಳಲಿ. ಮೊಬೈಲಿನಲ್ಲಿ ಚಿತ್ರ ಹಿಡಿದಿದ್ದರೆ ಅದನ್ನೂ ತೋರಿಸಲಿ.