ಬೋರಿನ ಧೂಳು



ಈ ಶಾಲೆಯಲ್ಲಿ ಶಿಲೆಗಳ ಪಾಠವನ್ನು ಬಾಯಿಪಾಠ ಮಾಡಿ ಅಂಕ ಪಡೆದವನು ನಾನು. ಕಾಲ ಕೆಳಗಿನ ಕಲ್ಲು ಯಾವುದೆಂದು ಮಾತ್ರ ಕೇಳಿರಲಿಲ್ಲ. ಬಿ.ಇ. ಮುಗಿಸಿ ನೌಕರಿ ಸೇರಿದ ಮೇಲೆ, ಹೊಳೆಯಿಂದ ದೂರದ ನಮ್ಮ ಹೊಲದಲ್ಲಿ ಅಪ್ಪ ಎರಡು ಬೋರ್ ಹೊಡೆಸಿದರು. ಎರಡರಲ್ಲೂ ಬರೀ ಬೂದಿಬಣ್ಣದ ಧೂಳು. ಆಮೇಲೆ ನಾನು ಓದಲು ಕೂತೆ.

ನಮ್ಮ ಕರಿಕಲ್ಲು ಒಂದು ಕಾಲಕ್ಕೆ ಬೆಂಕಿಯ ಹೊಳೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಲಾವಾ ಉಕ್ಕಿ ಹರಿದು ಆರಿತು; ಅದರ ಮೇಲೆ ಮತ್ತೆ ಉಕ್ಕಿತು. ಆಚೆ ದಂಡೆಯ ಖಿದ್ರಾಪುರದ ಕೋಪೇಶ್ವರ ಗುಡಿ ಕಟ್ಟಿದ್ದು ಇದೇ ಕಲ್ಲಿನಲ್ಲಿ. ನಾವು ಕಬ್ಬು ಹಚ್ಚುವ ಎರಿ ಮಣ್ಣೂ ಈ ಕಲ್ಲೇ ಸವೆದು ಆದದ್ದು.

ಪುಣೆಗೆ ಹೋಗುವಾಗ ಘಟ್ಟದ ರಸ್ತೆ ಕಡಿದಲ್ಲಿ ಕರಿಕಲ್ಲಿನ ನಡುವೆ ಕೆಂಪು ಪಟ್ಟಿ ಕಾಣುತ್ತದೆ. ಎರಡು ಉಕ್ಕುಗಳ ನಡುವಿನ ಬಿಡುವಿನಲ್ಲಿ ಕಲ್ಲು ಮಣ್ಣಾಗಿತ್ತು. ಮೇಲೆ ಬಂದ ಲಾವಾ ಅದನ್ನು ಇಟ್ಟಿಗೆಯಂತೆ ಸುಟ್ಟಿತು. ನಮ್ಮ ಕಂಪ್ಯೂಟರಿನ ಲಾಗ್ ಫೈಲಿನಲ್ಲಿ ಹಳೆಯದು ಮೇಲಿರುತ್ತದೆ, ಇಲ್ಲಿ ಕೆಳಗೆ. ಅಷ್ಟೇ ವ್ಯತ್ಯಾಸ.

ಗಟ್ಟಿ ಪದರದಲ್ಲಿ ನೀರು ನಿಲ್ಲುವುದಿಲ್ಲ. ಬಿರುಕಿನಲ್ಲಿ, ಪದರದ ತಲೆಯ ತೂತುಗಲ್ಲಿನಲ್ಲಿ ನಿಲ್ಲುತ್ತದೆ. ಅವು ತಾಗದಿದ್ದರೆ ಎಷ್ಟು ಫೂಟು ಇಳಿದರೂ ರೊಕ್ಕ ಹೋಗುವುದಷ್ಟೇ. ಇದನ್ನು ಹೇಳಿದಾಗ ಅಪ್ಪ, "ಮೊದಲ ಹೇಳಬೇಕಿತ್ತಲ್ಲೋ ತಮ್ಮಾ" ಎಂದರು. ಸಾಲ ಇನ್ನೂ ತೀರಿರಲಿಲ್ಲ.

ಆ ಬೋರಿನ ಧೂಳು ಒಂದು ಬಾಟಲಿ, ಒಂದು ಕರಿಕಲ್ಲು, ಘಟ್ಟದ ಕೆಂಪು ಹೆಂಟೆ ಒಂದು: ಮೂರನ್ನೂ ವಿಜ್ಞಾನದ ಗುರುಗಳ ಮೇಜಿನ ಮೇಲೆ ಇಟ್ಟಿದ್ದೇನೆ. ಮಕ್ಕಳು ಮುಟ್ಟಿ ನೋಡಲಿ.