ಬಾಗಿಲಿಲ್ಲದ ಕೋಣೆಗಳು

ವಿಡಿಯೋ ಆಟವೆಂದರೆ ಮೊಮ್ಮಕ್ಕಳ ಕಾಟ ಎಂದು ತಿಳಿದ ಹಿರಿಯರು ಈ ಸಭೆಯಲ್ಲಿ ಕೆಲವರಾದರೂ ಇದ್ದಾರು. ಅವರು ದಯವಿಟ್ಟು ಎದ್ದು ಹೋಗಬಾರದು. ಇವತ್ತಿನ ಮಾತು ಆಟದ ಬಗ್ಗೆ ಅಷ್ಟಾಗಿ ಅಲ್ಲ. ಆಟದಿಂದ ತೆಗೆದುಹಾಕಿದ್ದೇವೆ ಎಂದು ಮಾಡಿದವರು ಹೇಳಿದ, ಆದರೆ ಹೋಗದೆ ಒಳಗೇ ಉಳಿದುಬಿಟ್ಟ ಸಂಗತಿಗಳ ಬಗ್ಗೆ.

1992ರ ನವೆಂಬರಿನಲ್ಲಿ ಜಪಾನಿನ ಸೇಗಾ ಕಂಪನಿ ‘ಸಾನಿಕ್ ದಿ ಹೆಡ್ಜ್‌ಹಾಗ್ 2’ ಎಂಬ ಆಟವನ್ನು ಮಾರುಕಟ್ಟೆಗೆ ಬಿಟ್ಟಿತು. ಮೈಮೇಲೆ ಮುಳ್ಳಿರುವ ನೀಲಿ ಪ್ರಾಣಿಯೊಂದು ಟಿ.ವಿ. ಪರದೆಯ ಮೇಲೆ ಗಾಳಿಯ ವೇಗದಲ್ಲಿ ಓಡುವ ಆಟ ಅದು. ಬಿಡುಗಡೆಗೆ ಮುಂಚೆ ಆಟದ ಪತ್ರಿಕೆಗಳಲ್ಲಿ ‘ಹಿಡನ್ ಪ್ಯಾಲೇಸ್’, ಅಂದರೆ ಗುಪ್ತ ಅರಮನೆ, ಎಂಬ ಘಟ್ಟದ ಚಿತ್ರಗಳು ಅಚ್ಚಾಗಿದ್ದವು. ಹುಡುಗರು ಆಟ ಕೊಂಡರು, ಮೊದಲಿಂದ ಕೊನೆಯವರೆಗೆ ಆಡಿದರು. ಅರಮನೆ ಎಲ್ಲಿಯೂ ಸಿಗಲಿಲ್ಲ. ಹೆಸರಿಗೆ ಇಷ್ಟು ನಿಷ್ಠೆಯಿಂದ ನಡೆದುಕೊಂಡ ಅರಮನೆ ಇನ್ನೊಂದು ಇರಲಾರದು.

ಆದರೂ ಅದು ಪೂರ್ತಿ ಹೋಗಿರಲಿಲ್ಲ. ಆಟದ ಧಾಟಿಗಳನ್ನು ಸಂಖ್ಯೆ ಒತ್ತಿ ಕೇಳುವ ಸೌಲಭ್ಯ ಅದರಲ್ಲಿತ್ತು. 10 ಎಂದು ಒತ್ತಿದರೆ ಆಟದ ಯಾವ ಘಟ್ಟದಲ್ಲೂ ಬಾರದ ಒಂದು ಧಾಟಿ ಕೇಳಿಬರುತ್ತಿತ್ತು. ‘ಗೇಮ್ ಜೀನಿ’ ಎಂಬ ಉಪಕರಣವನ್ನು ಕಾರ್ಟ್ರಿಜ್‌ಗೂ ಯಂತ್ರಕ್ಕೂ ನಡುವೆ ಸಿಕ್ಕಿಸಿ, ಒಳಗಿನ ಅಂಕಿಗಳನ್ನು ತಿದ್ದಿ, ಬಲವಂತದಿಂದ ಆ ಅರಮನೆಗೆ ನುಗ್ಗಿದವರೂ ಉಂಟು. ಅಲ್ಲಿ ಕಾಲೂರಲು ನೆಲವೇ ಇರಲಿಲ್ಲ. ಸಾನಿಕ್ ನೇರ ಕೆಳಗೆ ಬಿದ್ದು ಸಾಯುತ್ತಿದ್ದ.

ತೆಗೆಯುವುದೆಂದ ಮೇಲೆ ಬೇರು ಸಹಿತ ತೆಗೆಯಬಾರದೆ ಎಂಬ ಪ್ರಶ್ನೆ ಸಹಜ. ಹಳೆಯ ಮನೆಯೊಂದನ್ನು ನೆನೆಸಿಕೊಳ್ಳಿ. ಕೋಣೆಯೊಂದು ಬೇಡವಾಯಿತು. ಅದರ ಗೋಡೆ ಕೀಳಹೋದರೆ ಮೇಲಿನ ತೊಲೆ ಇಳಿದೀತು, ಪಕ್ಕದ ಕೋಣೆಯ ಸೂರು ಬಿರಿದೀತು. ಆದ್ದರಿಂದ ಬುದ್ಧಿವಂತ ಮೇಸ್ತ್ರಿ ಬಾಗಿಲಿಗೆ ಮಾತ್ರ ಇಟ್ಟಿಗೆ ಕಟ್ಟಿ, ಗಾರೆ ಬಳಿದು ಕೈ ತೊಳೆದುಕೊಳ್ಳುತ್ತಾನೆ. ಕಂಪ್ಯೂಟರ್ ಪ್ರೋಗ್ರಾಮೂ ಅಷ್ಟೆ. ಚಿತ್ರ, ಧ್ವನಿ, ಆದೇಶ ಎಲ್ಲಕ್ಕೂ ಅದರೊಳಗೆ ಒಂದೊಂದು ವಿಳಾಸ. ಒಂದನ್ನು ಕಿತ್ತರೆ ಅದನ್ನು ನಂಬಿಕೊಂಡ ಇನ್ನೊಂದು ಎಡವೀತು. ಎಲ್ಲಿ ಎಡವೀತೆಂದು ತಿಳಿಯಲು ಇಡೀ ಆಟವನ್ನು ಮತ್ತೆ ಆಡಿ ಪರೀಕ್ಷಿಸಬೇಕು. ಬಿಡುಗಡೆ ಹತ್ತಿರ ಬಂದಾಗ ಅಷ್ಟು ಪುರಸೊತ್ತು ಯಾರಿಗಿರುತ್ತದೆ? ಸಾನಿಕ್ ಕಾರ್ಟ್ರಿಜ್‌ನಲ್ಲಿದ್ದ ಜಾಗ 1 ಮೆಗಾಬೈಟ್ ಮಾತ್ರ. ಹಾಗಾಗಿ ಅರಮನೆಯ ಬಹುಭಾಗ ಖಾಲಿಯಾಗಲೇಬೇಕಾಯಿತು. ಮುಂದೆ ಸಿ.ಡಿ., ಡಿ.ವಿ.ಡಿ. ಬಂದು ಜಾಗದ ಬರ ನೀಗಿದ ಮೇಲೆ ಕಸ ಗುಡಿಸುವ ಅಗತ್ಯವೇ ಕಡಿಮೆಯಾಯಿತು. (ಇದಕ್ಕೆ ತದ್ವಿರುದ್ಧವಾದ ಪ್ರಸಂಗವೂ ಇದೆ. 1996ರ ಪೊಕೆಮಾನ್ ಆಟದಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಭಾಗಗಳನ್ನು ತೆಗೆದಾಗ ಸುಮಾರು 300 ಬೈಟ್ ಜಾಗ ಉಳಿಯಿತು. ಶಿಗೆಕಿ ಮೊರಿಮೊಟೊ ಎಂಬ ಪ್ರೋಗ್ರಾಮರ್ ಅದರಲ್ಲಿ ‘ಮ್ಯೂ’ ಎಂಬ ಪ್ರಾಣಿಯನ್ನು ತುರುಕಿಬಿಟ್ಟರು. ಖಾಲಿ ಜಾಗ ಕಂಡರೆ ಸುಮ್ಮನಿರಲಾರದವರು ಎಲ್ಲ ಕಸುಬಿನಲ್ಲೂ ಇರುತ್ತಾರೆ.)

ಇಷ್ಟೇ ಆಗಿದ್ದರೆ ಇದು ಹುಡುಗಾಟದ ಮಾತಾಗಿ ಮುಗಿಯುತ್ತಿತ್ತು. ಅದು ನ್ಯಾಯಾಲಯದ ಮೆಟ್ಟಿಲೇರಿದ್ದು ‘ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’ ಆಟದಿಂದ. ರಾಕ್‌ಸ್ಟಾರ್ ಸಂಸ್ಥೆ 2004ರ ಅಕ್ಟೋಬರಿನಲ್ಲಿ ಹೊರತಂದ ಈ ಆಟದಲ್ಲಿ ನಾಯಕ ತನ್ನ ಗೆಳತಿಯ ಮನೆಗೆ ಕಾಫಿಗೆಂದು ಹೋಗುತ್ತಾನೆ. ಆಡುವವನು ಹೊರಗೇ ನಿಲ್ಲುತ್ತಾನೆ. ಒಳಗೆ ನಡೆಯುವ ಪ್ರಣಯದೃಶ್ಯವನ್ನು ಮೊದಲು ತಯಾರಿಸಿ, ಬಳಿಕ ಬೇಡವೆಂದು ಮುಚ್ಚಿಟ್ಟಿದ್ದರು. 2005ರ ಜೂನ್‌ನಲ್ಲಿ ಆಟದ ಕಂಪ್ಯೂಟರ್ ಆವೃತ್ತಿ ಬಂದಾಗ ನೆದರ್ಲ್ಯಾಂಡ್ಸ್‌ನ ಹವ್ಯಾಸಿಯೊಬ್ಬ ಆ ಬಾಗಿಲು ತೆರೆದ. ಅದಕ್ಕೆ ಅವನು ಬದಲಿಸಬೇಕಾಗಿದ್ದದ್ದು ಒಂದೇ ಒಂದು ಬಿಟ್, ಅಂದರೆ ಸೊನ್ನೆಯೋ ಒಂದೋ ಆಗಬಲ್ಲ ಒಂದು ಗುರುತು.

ಇದು ಹೊರಗಿನ ಕಿಡಿಗೇಡಿಗಳ ಕೆಲಸ ಎಂದು ಸಂಸ್ಥೆ ಮೊದಲು ಹೇಳಿತು. ಆ ಮಾತು ಹೆಚ್ಚು ದಿನ ನಿಲ್ಲಲಿಲ್ಲ. ಪ್ಲೇಸ್ಟೇಷನ್ 2ರ ತಟ್ಟೆಯ ಮೇಲೆ ಕೊಂಡವನು ಏನನ್ನೂ ಬರೆಯಲಾರ. ಅಲ್ಲಿಯೂ ಅದೇ ದೃಶ್ಯ ತೆರೆದುಕೊಂಡಾಗ ಅದು ಕಾರ್ಖಾನೆಯಿಂದಲೇ ಬಂದದ್ದೆಂಬುದು ಸ್ಪಷ್ಟವಾಯಿತು. ಅಮೆರಿಕದಲ್ಲಿ ಆಟಗಳಿಗೆ ವಯಸ್ಸಿನ ದರ್ಜೆ ಕೊಡುವ ಇ.ಎಸ್.ಆರ್.ಬಿ. 2005ರ ಜುಲೈ 20ರಂದು, ಹದಿನೇಳು ದಾಟಿದವರಿಗೆ ಎಂದಿದ್ದ ದರ್ಜೆಯನ್ನು ವಯಸ್ಕರಿಗೆ ಮಾತ್ರ ಎಂದು ಬದಲಿಸಿತು. ಒಂದು ವರ್ಷದ ವ್ಯತ್ಯಾಸ. ಆದರೆ ದೊಡ್ಡ ಅಂಗಡಿಗಳು ವಯಸ್ಕರ ದರ್ಜೆಯ ಆಟವನ್ನು ಕಪಾಟಿನಲ್ಲಿ ಇಡುವುದಿಲ್ಲ. ಮಾಲು ಹಿಂದಕ್ಕೆ ಬಂತು. ಆಸ್ಟ್ರೇಲಿಯಾದಲ್ಲಿ ಮಾರಾಟವೇ ನಿಂತಿತು. ಮಾತೃಸಂಸ್ಥೆ ಟೇಕ್-ಟೂ ತನ್ನ ಷೇರುದಾರರ ಮೊಕದ್ದಮೆಯನ್ನು 2009ರಲ್ಲಿ 2 ಕೋಟಿ ಡಾಲರಿಗೂ ಹೆಚ್ಚು ಮೊತ್ತಕ್ಕೆ ರಾಜಿಯಲ್ಲಿ ಮುಗಿಸಬೇಕಾಯಿತು.

ಜಗಳದ ತಿರುಳು ದೃಶ್ಯದ ಅಶ್ಲೀಲತೆಯಲ್ಲ. ಹೆಣಗಳ ರಾಶಿಯನ್ನೇ ಸಹಿಸಿಕೊಂಡಿದ್ದ ಆಟಕ್ಕೆ ಇದೊಂದೇ ಕಳಂಕವಾಯಿತೆಂಬುದು ನಗು ಬರಿಸುವ ವಿಷಯ. ನಿಜವಾದ ಪ್ರಶ್ನೆ ಬೇರೆ. ಕಾದಂಬರಿಕಾರ ಹೊಡೆದುಹಾಕಿದ ಪುಟ ಅವನ ಮನೆಯಲ್ಲೇ ಉಳಿಯುತ್ತದೆ. ಸಿನಿಮಾದಲ್ಲಿ ಕತ್ತರಿಸಿದ ರೀಲು ಚಿತ್ರಮಂದಿರಕ್ಕೆ ಬರುವುದಿಲ್ಲ. ವಿಡಿಯೋ ಆಟ ಕೊಂಡವನು ಮಾತ್ರ ಹೊಡೆದುಹಾಕಿದ ಪುಟವನ್ನೂ ಸೇರಿಸಿಯೇ ಮನೆಗೆ ತರುತ್ತಾನೆ. ಹಾಗಾದರೆ ಕೃತಿ ಯಾವುದು: ತೋರಿಸಿದ್ದೋ, ತಲುಪಿಸಿದ್ದೋ? ಸಾಧಾರಣ ಆಟಗಾರನಿಗೆ ಎಂದೂ ಕಾಣದ್ದನ್ನು ಲೆಕ್ಕಕ್ಕೆ ಹಿಡಿಯುವುದು ಅನ್ಯಾಯವೆಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಇ.ಎಸ್.ಆರ್.ಬಿ. ತಲುಪಿಸಿದ್ದೇ ಕೃತಿ ಎಂಬ ಕಡೆಗೆ ನಿಂತಿತು. ತಟ್ಟೆಯಲ್ಲಿ ಬೀಗ ಹಾಕಿ ಇಟ್ಟದ್ದು ದರ್ಜೆಯ ಮೇಲೆ ಪರಿಣಾಮ ಬೀರುವಂಥದ್ದಾದರೆ ಅದನ್ನೂ ಮೊದಲೇ ತಿಳಿಸಬೇಕೆಂದು ನಿಯಮ ಮಾಡಿತು.

ಅದಾದ ಮೇಲೂ ಕೋಣೆಗಳು ಮುಚ್ಚುತ್ತಲೇ ಇವೆ, ಹವ್ಯಾಸಿಗಳು ಗೋಡೆ ತಟ್ಟಿ ಟೊಳ್ಳು ಸದ್ದಿಗೆ ಕಿವಿಗೊಡುತ್ತಲೇ ಇದ್ದಾರೆ. ಸಾನಿಕ್ ಆಟವನ್ನು 2013ರಲ್ಲಿ ಮೊಬೈಲ್ ಫೋನುಗಳಿಗೆಂದು ಹೊಸದಾಗಿ ಕಟ್ಟಿದವರು ಕ್ರಿಶ್ಚಿಯನ್ ವೈಟ್‌ಹೆಡ್ ಮತ್ತು ಸೈಮನ್ ಥಾಮ್ಲಿ. ಇಬ್ಬರೂ ಮೊದಲು ಅದರ ಅಭಿಮಾನಿಗಳು. ಮೂಲ ಆಟದ ‘ಮಿಸ್ಟಿಕ್ ಕೇವ್’ ಎಂಬ ಗುಹೆಯ ಘಟ್ಟದಲ್ಲಿ ಒಂದು ಮುಳ್ಳಿನ ಗುಂಡಿಯಿತ್ತು. ಬಿದ್ದವನು ಮೇಲೆ ಬರುವಂತಿರಲಿಲ್ಲ. ಎಷ್ಟೋ ಹುಡುಗರ ಶಾಪ ತಿಂದ ಗುಂಡಿ ಅದು. ಹೊಸ ಆಟದಲ್ಲಿ ಅಲ್ಲಿಗೆ ಬಿದ್ದ ಸಾನಿಕ್ ಸಾಯುವುದಿಲ್ಲ. ಕೆಳಗೆ ಗುಪ್ತ ಅರಮನೆ ತೆರೆದುಕೊಳ್ಳುತ್ತದೆ, ನೆಲ ಸಹಿತ. ಮತ್ತು ಇಪ್ಪತ್ತೊಂದು ವರ್ಷ ಕಾದಿದ್ದ 10ನೆಯ ಧಾಟಿ ಅಲ್ಲಿ ನುಡಿಯುತ್ತದೆ.