ಮನೆಗೆ ಮರಳಿದ ಮಗುವಿನ ಲೆಕ್ಕ



ಜಾನಪದ ವಿದ್ವಾಂಸ ಸಿಂಪಿ ಲಿಂಗಣ್ಣನವರ ಈ ಊರಿನಲ್ಲಿ, ಹಲಸಂಗಿಯ ಮಗ್ಗುಲಲ್ಲಿ ನಿಂತು, ಹೆತ್ತ ಮನೆಯೂ ಮಗುವಿಗೆ ಅಪಾಯಸ್ಥಾನವಾಗಬಲ್ಲುದೆಂಬ ಮಾತನ್ನಾಡಬೇಕಾಗಿ ಬಂದುದಕ್ಕೆ ನನಗೆ ಸಂಕೋಚವಿದೆ. ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ತವರಿನ ವಾತ್ಸಲ್ಯವನ್ನು ನಾಡಿಗೆಲ್ಲ ಪರಿಚಯಿಸಿತು. ಆ ವಾತ್ಸಲ್ಯವನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ತವರೆಂಬ ಶಬ್ದದ ಮಾಧುರ್ಯವೇ ಮಕ್ಕಳ ರಕ್ಷಣೆಯ ನಮ್ಮ ಕಡತಗಳನ್ನು ಅಕಾಲದಲ್ಲಿ ಮುಚ್ಚಿಸುತ್ತಿದೆಯೇನೋ ಎಂಬ ಶಂಕೆ ನನ್ನನ್ನು ಬಹುಕಾಲದಿಂದ ಬಾಧಿಸುತ್ತಿದೆ.

2015ರ ಬಾಲನ್ಯಾಯ ಕಾಯಿದೆಯು ಮಗುವನ್ನು ಕುಟುಂಬಕ್ಕೆ ಮರಳಿ ಒಪ್ಪಿಸುವುದನ್ನೇ ಬಾಲಮಂದಿರಗಳ ಪ್ರಧಾನೋದ್ದೇಶವೆಂದು ಸಾರಿದೆ. ಪೋಷಕತ್ವದ ಕುಟುಂಬಗಳು ನಮ್ಮಲ್ಲಿ ಇನ್ನೂ ವಿರಳವಾದುದರಿಂದ ಬಹುಪಾಲು ಮಕ್ಕಳು ಬಾಲಮಂದಿರದಿಂದಲೇ ಮನೆಗೆ ಮರಳುತ್ತಾರೆ. ಮಹಾಮಾರಿಯ ವರ್ಷವಾದ 2020ರಲ್ಲಿ ದೇಶದ ಪಾಲನಾಸಂಸ್ಥೆಗಳಲ್ಲಿದ್ದ 2,27,518 ಮಕ್ಕಳ ಪೈಕಿ 1,45,788 ಮಕ್ಕಳನ್ನು ಮನೆಗಳಿಗೆ ಒಪ್ಪಿಸಲಾಯಿತೆಂಬ ಅಂಕಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಒಪ್ಪಿಸಿದವರ ಸಂಖ್ಯೆ ಒಂದು ತಲೆಯೂ ತಪ್ಪದಂತೆ ದೊರೆಯಿತು. ಒಪ್ಪಿಸಿದ ಮೇಲೆ ಮತ್ತೆ ಹೊಡೆತ ತಿಂದವರೆಷ್ಟು, ಶಾಲೆ ಬಿಟ್ಟು ದುಡಿಮೆಗೆ ಹೋದವರೆಷ್ಟು, ಹಸೆಮಣೆಗೆ ಏರಿಸಲ್ಪಟ್ಟವರೆಷ್ಟು ಎಂಬುದಕ್ಕೆ ಅಂಥ ಅಂಕಿಯನ್ನು ಯಾರೂ ಕೇಳಲಿಲ್ಲ.

ನಾನು ಕೆಲವು ವರ್ಷ ಒಂದು ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯನಾಗಿದ್ದೆ. ಆ ಕಾಲದಲ್ಲಿ ಮದುವೆಯ ಮುನ್ನಾದಿನ ರಕ್ಷಿಸಿ ಕರೆತಂದ ಬಾಲಕಿಯೊಬ್ಬಳು ಆರು ತಿಂಗಳು ಬಾಲಮಂದಿರದಲ್ಲಿದ್ದು, ತಂದೆ ಮುಚ್ಚಳಿಕೆ ಬರೆದುಕೊಟ್ಟ ಮೇಲೆ, ಎರಡು ಜಡೆ ಹೆಣೆದುಕೊಂಡು ನಗುನಗುತ್ತ ಮನೆಗೆ ಹೋದಳು. ಮರುವರ್ಷ ಅವಳ ಗೆಳತಿಯರಿಂದ ತಿಳಿಯಿತು: ಭೀಮೆಯಾಚೆಯ ಬಂಧುಗಳ ಊರಿನಲ್ಲಿ ಧಾರೆಯೆರೆದು ಕೊಟ್ಟಿದ್ದರು. ನದಿ ದಾಟಿದರೆ ಜಿಲ್ಲೆ ಬೇರೆ, ರಾಜ್ಯ ಬೇರೆ, ದಫ್ತರು ಬೇರೆ. ನಮ್ಮ ವಾರ್ಷಿಕ ವರದಿಯಲ್ಲಿ ಆಕೆ ಯಶಸ್ವೀ ಪುನರ್ವಸತಿಯ ಶಿರೋನಾಮೆಯ ಕೆಳಗೇ ಉಳಿದಳು. ಆ ವರದಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ನಮ್ಮಲ್ಲಿ ಯಾರೂ ಕೇಳದ ಇಂಥ ಲೆಕ್ಕವನ್ನು ಬೇರೆಡೆ ಇಡುತ್ತಾರೆ. ಅಮೆರಿಕದಲ್ಲಿ, ದೌರ್ಜನ್ಯಕ್ಕೆ ಗುರಿಯಾದುದು ದೃಢಪಟ್ಟ ಮಕ್ಕಳಲ್ಲಿ ನಿಯತಾವಧಿಯೊಳಗೆ ಮತ್ತೊಮ್ಮೆ ಅದಕ್ಕೆ ಗುರಿಯಾದವರು ಶೇಕಡಾ ಎಷ್ಟೆಂಬುದನ್ನು ಪ್ರತಿಯೊಂದು ಸಂಸ್ಥಾನವೂ ಲೆಕ್ಕವಿಡಬೇಕಾಗಿದೆ. ಮೊದಲು ಆರು ತಿಂಗಳಿದ್ದ ಆ ಅವಧಿಯನ್ನು ಆಮೇಲೆ ಹನ್ನೆರಡಕ್ಕೆ ಏರಿಸಿದರು. ಆರು ಮತ್ತು ಹನ್ನೆರಡು ತಿಂಗಳ ಈ ಭೇದವು ಕೇವಲ ಗಣಿತಜ್ಞರದೆಂದು ಯಾರಾದರೂ ಭಾವಿಸಿದರೆ ಅವರನ್ನು ನಮ್ಮ ತಾಂಡಾಗಳಿಗೆ ಕರೆದೊಯ್ಯುವೆನು. ಯುಗಾದಿಗೆ ಮನೆ ಸೇರಿದ ಮಗುವನ್ನು ಆರು ತಿಂಗಳು ನೋಡಿ, ಕ್ಷೇಮವೆಂದು ಬರೆದು, ಕಡತವನ್ನು ಮುಚ್ಚಿದ ಬೆನ್ನಲ್ಲೇ ದೀಪಾವಳಿಯ ವೇಳೆಗೆ ಮುಕಾದಮನಿಂದ, ಎಂದರೆ ಕೂಲಿಗಳ ಮೇಸ್ತ್ರಿಯಿಂದ, ಮುಂಗಡ ಪಡೆದ ಕುಟುಂಬವು ಮಗುವನ್ನೂ ಕಟ್ಟಿಕೊಂಡು ಕಬ್ಬು ಕಡಿಯಲು ಗಡಿಯಾಚೆ ನಡೆದಿರುತ್ತದೆ. ಒಂದು ಕಬ್ಬಿನ ಹಂಗಾಮನ್ನು ಒಳಗೊಳ್ಳದ ಯಾವ ಅವಧಿಯೂ ಈ ಸೀಮೆಯಲ್ಲಿ ಅಳತೆಯೆನ್ನಿಸಿಕೊಳ್ಳಲಾರದು.

ಈ ಲೆಕ್ಕದಲ್ಲಿ ಇನ್ನೊಂದು ತೊಡಕೂ ಇದೆ. ಮನೆಮನೆಗೆ ಹೋಗಿ ವಿಚಾರಿಸುವ ತಾಲ್ಲೂಕಿನಲ್ಲಿ ಮರುಪೀಡನೆಯ ಸಂಖ್ಯೆ ಹೆಚ್ಚಿ ಕಾಣುವುದು, ಹೋಗದೆ ಕುಳಿತ ತಾಲ್ಲೂಕಿನಲ್ಲಿ ಶೂನ್ಯವೆಂದು ತೋರುವುದು. ಮೇಲಧಿಕಾರಿಯು ಮೊದಲನೆಯವರಿಗೆ ಕಾರಣ ಕೇಳುವ ಪತ್ರವನ್ನೂ ಎರಡನೆಯವರಿಗೆ ಪ್ರಶಂಸಾಪತ್ರವನ್ನೂ ಕಳುಹಿಸಿದನೆಂದರೆ ಲೆಕ್ಕದ ಕಥೆ ಅಲ್ಲಿಗೆ ಮುಗಿಯಿತು. ಆದುದರಿಂದ ಅಂಕಿಯ ಪಕ್ಕದಲ್ಲಿ, ಒಪ್ಪಿಸಿದ ಮಕ್ಕಳಲ್ಲಿ ಎಷ್ಟು ಮಂದಿಯನ್ನು ಕಣ್ಣಾರೆ ಕಂಡೆವು, ಎಷ್ಟು ಮಂದಿಯ ಸುಳಿವೇ ಸಿಕ್ಕಲಿಲ್ಲ ಎಂಬ ಎರಡು ಅಂಕಣಗಳು ಇರತಕ್ಕವು. ಸುಳಿವು ಸಿಕ್ಕದವರನ್ನು ಕ್ಷೇಮದವರೊಡನೆ ಕೂಡಿಸುವುದು ನಮ್ಮ ಇಂದಿನ ರೂಢಿ; ಅದು ಅಂಕಗಣಿತವೂ ಅಲ್ಲ, ಅನುಕಂಪವೂ ಅಲ್ಲ.

ಈ ಸಭೆಯ ಮಧ್ಯಾಹ್ನದ ಗೋಷ್ಠಿಯಲ್ಲಿ ಬರಲಿರುವ ಠರಾವಿನಲ್ಲಿ, ವಿಜಯಪುರ ಮತ್ತು ಸೊಲ್ಲಾಪುರ ಜಿಲ್ಲೆಗಳ ಮಕ್ಕಳ ಕಲ್ಯಾಣ ಸಮಿತಿಗಳು ಗಡಿ ದಾಟಿದ ಮಕ್ಕಳ ಹೆಸರುಗಳನ್ನು ತಿಂಗಳಿಗೊಮ್ಮೆ ಗುಪ್ತವಾಗಿ ತಾಳೆ ನೋಡಬೇಕೆಂಬ ಸೂಚನೆಯಿದೆ. ಅದನ್ನು ನಾನೇ ಮಂಡಿಸುವೆನು. ಹೆಸರು ಹೇಳಲಾಗದ ಆ ಬಾಲಕಿಯ ಕಡತವನ್ನು ಮರಳಿ ತೆರೆಯಬೇಕೆಂಬ ಅರ್ಜಿಯನ್ನೂ ಜೊತೆಗೆ ತಂದಿದ್ದೇನೆ.